ಮರದ ಅಚ್ಚಿನ ರಾಣಿ

ತನ್ನ ಪತ್ರಿಕೆಯನ್ನು ತಾನೇ ಓದಿ ಹೊಟ್ಟೆ ಹಿಡಿದುಕೊಂಡು ನಗುವ ಸಂಪಾದಕನನ್ನು ನೀವು ಕಂಡಿದ್ದೀರೋ ಇಲ್ಲವೋ. ಮಧುಗಿರಿಯ ಮಹಾಲಿಂಗಯ್ಯನವರು ಅರವತ್ತಾರನೇ ಇಸವಿಯ ಒಂದು ಗುರುವಾರ ಬೆಳಿಗ್ಗೆ ಕೂತು ಮಾಡುತ್ತಿದ್ದುದು ಅದನ್ನೇ. ಕನ್ನಡಕ ಹಣೆಗೇರಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಮುಂದೆ ‘ಬಯಲುಸೀಮೆ ದೂತ’ ವಾರಪತ್ರಿಕೆಯ ಹದಿನೈದು ವರ್ಷದ ಸಂಚಿಕೆಗಳು ದಪ್ಪ ದಾರದಲ್ಲಿ ಹೊಲಿದ ಕಟ್ಟುಗಳಾಗಿ ಬಿದ್ದಿದ್ದವು.

ಸುಮ್ಮನೆ ನಗುತ್ತಿರಲಿಲ್ಲ, ಅದು ಕೆಲಸವೇ ಆಗಿತ್ತು. ಬರುವ ಭಾನುವಾರ ಪತ್ರಿಕೆಯ ಹದಿನೈದನೇ ವರ್ಷದ ಸಮಾರಂಭ. ಸ್ವಾಗತ ಸಮಿತಿಯ ಅಧ್ಯಕ್ಷನಾಗಿದ್ದ ಜವಳಿ ಅಂಗಡಿಯ ಸಂಜೀವಯ್ಯ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಭಾಷಣ ಗೀಷಣ ಯಾರಿಗೂ ಬೇಡ, ನಿಮ್ಮ ಹಳೇ ತಲೆಬರಹಗಳನ್ನೇ ಒಂದೊಂದಾಗಿ ಓದಿ, ಜನ ಬಿದ್ದು ಬಿದ್ದು ನಗಬೇಕು. ಮಹಾಲಿಂಗಯ್ಯನವರಿಗೆ ಅಷ್ಟು ಸಾಕಾಗಿತ್ತು. ಜನ ನಗುತ್ತಾರೆಂದರೆ ಆ ಮನುಷ್ಯ ಊಟ ಬಿಟ್ಟು ಎದ್ದು ಬರುತ್ತಿದ್ದರು.

ನಗು ತರಿಸುವಂಥವು ಇದ್ದವು, ಇಲ್ಲ ಅನ್ನುವ ಹಾಗಿಲ್ಲ. ಐವತ್ತಮೂರರಲ್ಲಿ ಹಿಮಾಲಯದ ಶಿಖರ ಹತ್ತಿದ ಸುದ್ದಿ ಬಂದಾಗ ‘ಎವರೆಸ್ಟ್ ಏರಿದರು, ನಮ್ಮ ಬೆಟ್ಟಕ್ಕೆ ಕೈಕಂಬಿಯೂ ಇಲ್ಲ’ ಎಂದು ಹಾಕಿದ್ದರು. ಐವತ್ತನಾಲ್ಕರಲ್ಲಿ ‘ಐ.ಡಿ.ಹಳ್ಳಿ ಆಕಾಶದಲ್ಲಿ ಹಾರುವ ತಟ್ಟೆ: ಮೂವರು ಕಂಡರು, ಒಬ್ಬರು ಆಮೇಲೆ ಇಲ್ಲವೆಂದರು.’ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ ವಾರ ‘ಅತ್ತ ಸ್ಪುಟ್ನಿಕ್, ಇತ್ತ ದೊಡ್ಡೇರಿಯಲ್ಲಿ ಎಮ್ಮೆಗೆ ಅವಳಿ ಕರು.’ ಒಂದು ವಾರ ಏನೂ ಸುದ್ದಿ ಸಿಗದೆ ‘ಸಿರಾ ಬಸ್ಸು ಹೊತ್ತಿಗೆ ಸರಿಯಾಗಿ ಬಂತು’ ಎಂದು ಮುಖಪುಟದಲ್ಲೇ ಹಾಕಿದ್ದರು, ಆ ಡ್ರೈವರು ಸಂಚಿಕೆಯನ್ನು ಸ್ಟೀರಿಂಗಿನ ಮುಂದೆ ಅಂಟಿಸಿಕೊಂಡಿದ್ದ. ‘ಕೊರಟಗೆರೆಗೆ ವಿದ್ಯುತ್ ಬಂತು, ಉದ್ಘಾಟನಾ ಭಾಷಣದ ಮಧ್ಯೆ ಹೋಯಿತು.’ ಎಲ್ಲಕ್ಕೂ ಮೇಲಿನದು ಅರವತ್ತೆರಡರ ಅಷ್ಟಗ್ರಹ ಕೂಟದ್ದು. ಪ್ರಪಂಚ ಮುಗಿಯಿತೆಂದು ಜನ ಹೋಮ ಮಾಡಿಸುತ್ತಿದ್ದಾಗ ‘ದೂತ’ ಬರೆದಿತ್ತು: ‘ಭಾನುವಾರ ಪ್ರಳಯ, ಸೋಮವಾರ ಪುರಸಭೆಯ ಸಭೆ.’

ಇವನ್ನೆಲ್ಲ ಗಟ್ಟಿಯಾಗಿ ಓದುತ್ತ ಮಹಾಲಿಂಗಯ್ಯನವರು ಐವತ್ತೆರಡರ ಕಟ್ಟಿಗೆ ಕೈ ಹಾಕಿದರು. ನಾಲ್ಕು ಪುಟ ತಿರುಗಿಸುವಷ್ಟರಲ್ಲಿ ಅದು ಸಿಕ್ಕಿತು. ಮೂರು ಅಂಗುಲದ ಅಕ್ಷರ, ಪುಟದ ಈ ತುದಿಯಿಂದ ಆ ತುದಿಗೆ:

‘ಕಾಳಸಂತೆಯ ರಾಣಿ ಸೆರೆ!’

ಕೆಳಗೆ ಸಣ್ಣದಾಗಿ ‘ಕಂಕುಳಲ್ಲಿ ಕೂಸು, ತಲೆಯ ಮೇಲೆ ಅಕ್ಕಿ: ಪಾವಗಡ ಬಸ್ಸಿನಲ್ಲಿ ಬಲೆಗೆ ಬಿದ್ದ ಐ.ಡಿ.ಹಳ್ಳಿಯ ಮಾರಕ್ಕ’ ಎಂದಿತ್ತು. ಮಹಾಲಿಂಗಯ್ಯ ಅದನ್ನೂ ಅದೇ ರಾಗದಲ್ಲಿ ಓದಿ ನಕ್ಕರು. ಕೊಠಡಿಯ ಆ ಕಡೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಸ್ರುಲ್ಲಾ ಅಷ್ಟು ಹೊತ್ತೂ ಜೊತೆಗೆ ನಗುತ್ತಿದ್ದವನು ಈಗ ನಗಲಿಲ್ಲ. ಸಿರಾದಿಂದ ಬಂದು ಪತ್ರಿಕೆಯ ಮೊದಲ ಸಂಚಿಕೆಯಿಂದ ಇಲ್ಲೇ ಕೆಲಸ ಮಾಡುತ್ತಿದ್ದವನು ಅವನು, ಒಂದೊಂದು ತಲೆಬರಹವೂ ಅವನ ಬೆರಳಿಂದಲೇ ದಾಟಿ ಹೋದದ್ದು. ತಲೆ ಎತ್ತದೆ, ಅದೊಂದು ಬೇಡ ಅಯ್ನೋರೆ ಅಂದ.

ಯಾಕೆ ಬೇಡ ಎಂದು ಮಹಾಲಿಂಗಯ್ಯ ಕೇಳಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಹದಿನಾಲ್ಕು ವರ್ಷ ಗೊತ್ತಿಲ್ಲದವರ ಹಾಗೆ ಇದ್ದರು.

ಆ ಕಾಲ ನೆನಪಿರುವವರಿಗೆ ಹೇಳಬೇಕಾಗಿಲ್ಲ. ಯುದ್ಧ ಮುಗಿದು ಏಳು ವರ್ಷವಾಗಿದ್ದರೂ ರೇಷನ್ ಮುಗಿದಿರಲಿಲ್ಲ. ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ನಾಲ್ಕು ಸೇರು ಅಕ್ಕಿ ಒಯ್ಯಬೇಕಾದರೂ ಚೀಟಿ ಬೇಕು. ಮಾರಕ್ಕ ಪಾವಗಡದ ಆಚೆಯ ತವರಿನಲ್ಲಿ ಹೆರಿಗೆ ಮುಗಿಸಿಕೊಂಡು ಗಂಡನ ಮನೆಗೆ ಹೊರಟಿದ್ದಳು. ಕೂಸಿನ ಹೆಸರಿಡುವ ದಿನಕ್ಕೆಂದು ತವರಿನವರು ಎಂಟು ಸೇರು ಅಕ್ಕಿ ಕಟ್ಟಿಕೊಟ್ಟಿದ್ದರು, ಚೀಟಿಯನ್ನೂ ಮಾಡಿಸಿಕೊಟ್ಟಿದ್ದರು. ತಪಾಸಣೆಯವನು ಬಸ್ಸು ಹತ್ತಿದಾಗ ಆ ಚೀಟಿ ಎಲ್ಲಿಟ್ಟೆನೆಂಬುದು ಗಾಬರಿಯಲ್ಲಿ ಅವಳಿಗೆ ಮರೆತುಹೋಯಿತು. ಬಾಣಂತಿಯನ್ನು ಅಕ್ಕಿಯ ಸಮೇತ ಮಧುಗಿರಿ ಠಾಣೆಗೆ ತಂದು ಕೂರಿಸಿದರು. ಸಾಯಂಕಾಲ ಕೂಸು ರಚ್ಚೆ ಹಿಡಿಯಿತೆಂದು ಕುಲಾವಿ ಬಿಚ್ಚಿದರೆ ಚೀಟಿ ಅದರೊಳಗೇ ಇತ್ತು. ಪೊಲೀಸರು ಅಕ್ಕಿಯನ್ನೂ ಕೊಟ್ಟು, ಬಿಡುಗಡೆಯ ಕಾಗದವನ್ನೂ ಕೊಟ್ಟು ಕಳಿಸಿದರು.

ಆದರೆ ‘ದೂತ’ ಮಧ್ಯಾಹ್ನವೇ ಅಚ್ಚಿಗೆ ಹೋಗಿಬಿಟ್ಟಿತ್ತು. ಇನ್ನು ಆ ರಾಣಿ ಎಲ್ಲಿಂದ ಬಂದಳು ಅಂದಿರೋ, ಹೇಳುವುದಕ್ಕೇ ನಾಚಿಕೆ. ದೊಡ್ಡ ಮರದ ಅಚ್ಚುಗಳು ಪ್ರೆಸ್ಸಿನಲ್ಲಿ ಇದ್ದದ್ದೇ ಒಂದು ಮಕ್ಕರಿಯಷ್ಟು. ಯಾವುದಾದರೂ ಪದ ಜೋಡಿಸಿ ನಿಂತಿದ್ದರೆ ಅದನ್ನು ಕಳಚದೆ ಮುಂದಿನ ಕೆಲಸಕ್ಕೂ ಬಳಸುವುದು ಅಲ್ಲಿನ ರೂಢಿ. ಆ ವಾರ ಊರಿಗೆ ನಾಟಕದ ಕಂಪನಿ ಬಂದಿತ್ತು, ಅವರ ಕರಪತ್ರಕ್ಕೆ ಜೋಡಿಸಿದ್ದ ‘ರಾಣಿ’ ಅಚ್ಚು ಹೊಂದಿಸುವ ಕಲ್ಲಿನ ಮೇಲೆ ಹಾಗೇ ನಿಂತಿತ್ತು. ಮಹಾಲಿಂಗಯ್ಯ ಅದನ್ನು ನೋಡಿದರು, ಹೋಟೆಲಿನಲ್ಲಿ ಪೇದೆ ಹೇಳಿದ ಸುದ್ದಿಯನ್ನು ನೆನೆದರು, ತಾವೇ ನಕ್ಕರು. ಅಷ್ಟೇ. ಕೈಗೆ ಸಿಕ್ಕಿದ ಪದ ಕಳಚಲಾರದ ಸೋಮಾರಿತನಕ್ಕೆ ಒಬ್ಬ ಬಾಣಂತಿ ರಾಣಿಯಾಗಿಬಿಟ್ಟಳು. ಐ.ಡಿ.ಹಳ್ಳಿಯ ಹೋಟೆಲಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು, ಅವತ್ತಿನಿಂದ ಅವಳಿಗೆ ಆ ಹೆಸರೇ ನಿಂತಿತು.

ಇಷ್ಟೇ ಆಗಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು. ಮೂರನೇ ದಿನ ಮಾರಕ್ಕ ಬಿಡುಗಡೆಯ ಕಾಗದ ಹಿಡಿದುಕೊಂಡು, ಕೂಸನ್ನು ಎತ್ತಿಕೊಂಡು ಪ್ರೆಸ್ಸಿನ ಮೆಟ್ಟಿಲ ಮೇಲೆ ಬಂದು ಕೂತಳು. ಆಗ ಮಹಾಲಿಂಗಯ್ಯ ಏನು ಮಾಡಿದರು? ಕಾಗದದ ರೀಮುಗಳ ಹಿಂದೆ ಹೋಗಿ ಅವಿತುಕೊಂಡರು. ಬೆಳಿಗ್ಗೆಯಿಂದ ಸಂಜೆಯ ಬಸ್ಸಿನ ತನಕ ಅವಳು ಕೂತಿದ್ದಳು, ಅಷ್ಟು ಹೊತ್ತೂ ಇವರೂ ರೀಮುಗಳ ಹಿಂದೆ ಕೂತಿದ್ದರು. ಕೊನೆಗೆ ನಸ್ರುಲ್ಲಾ ಹೊರಗೆ ಹೋಗಿ ಕಾಗದ ಇಸಕೊಂಡು, ಹೋಗಮ್ಮ, ಮುಂದಿನ ವಾರ ಹಾಕ್ತಾರೆ ಎಂದು ಅವಳನ್ನು ಕಳಿಸಿದ್ದು ಇವರ ಕಿವಿಗೂ ಬಿದ್ದಿತ್ತು. ಮುಂದಿನ ವಾರದ ಸಂಚಿಕೆಯಲ್ಲಿ ಆ ಜಾಗದಲ್ಲಿ ಬಂದದ್ದು ‘ಮಧುಗಿರಿ ದಾಳಿಂಬೆಗೆ ಬಹುಮಾನ’, ಅವಳ ಬಿಡುಗಡೆಯ ಕಾಗದವೂ ಪ್ರೆಸ್ಸಿನ ರದ್ದಿಯಲ್ಲಿ ಕಳೆದುಹೋಯಿತು. ರಾಣಿಯ ಸಂಚಿಕೆ ಎರಡು ಸಲ ಅಚ್ಚಾಗಿ ಖರ್ಚಾಗಿತ್ತು, ಅಂಥ ಸಂಚಿಕೆಯನ್ನು ತಾನೇ ಸುಳ್ಳೆಂದು ಹೇಳಿಕೊಳ್ಳಲು ಇವರ ನಾಲಗೆ ಏಳಲಿಲ್ಲ.

ಹಳೇ ಕಟ್ಟು ಓದಿ ನಕ್ಕ ಮಾರನೆಯ ದಿನ, ಶುಕ್ರವಾರ, ನಸ್ರುಲ್ಲಾ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ ಒಬ್ಬ ಹೆಂಗಸು ಬಂದು ಅದೇ ಮೆಟ್ಟಿಲ ಹತ್ತಿರ ನಿಂತಳು. ಕೂದಲು ಅರ್ಧ ನೆರೆತಿತ್ತು, ಕೈಯಲ್ಲೊಂದು ಚೀಲ. ಮಹಾಲಿಂಗಯ್ಯನವರು ಮುಖ ನೋಡಿದವರಲ್ಲ, ಹೆಸರು ಹೇಳಿದ ಮೇಲೆ ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು.

ಮಾರಕ್ಕ ಜಗಳಕ್ಕೆ ಬಂದಿರಲಿಲ್ಲ. ಸಮಾಧಾನವಾಗಿ ಮೊದಲಿಂದ ಹೇಳಿದಳು. ಗಂಡ ತೀರಿಕೊಂಡ ಮೇಲೆ ಊರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾಳೆ. ಈಗ ಮತ್ತೆ ರೇಷನ್ ಬಂದು ಐ.ಡಿ.ಹಳ್ಳಿಗೆ ನ್ಯಾಯಬೆಲೆಯ ಡಿಪೋ ಆಗುತ್ತಿದೆ, ಅದಕ್ಕೆ ಅರ್ಜಿ ಹಾಕಿದ್ದಾಳೆ. ಎದುರು ಅರ್ಜಿದಾರ ಗಂಗಹನುಮಯ್ಯ ತಕರಾರು ಬರೆದು, ಜೊತೆಗೆ ಹಳೆಯ ಪತ್ರಿಕೆಯ ತುಂಡೊಂದನ್ನು ಇಟ್ಟಿದ್ದಾನೆ. ಅವನ ಮನೆಯ ಟ್ರಂಕಿನ ಮುಚ್ಚಳಕ್ಕೆ ಒಳಗಡೆ ಅಂಟಿಸಿದ್ದ ಕಾಗದವಂತೆ, ತುಕ್ಕಿನ ಕಲೆಯ ಸಮೇತ ಕತ್ತರಿಸಿ ತಂದಿದ್ದಾನೆ. ಕಾಳಸಂತೆಯ ರಾಣಿಗೆ ನ್ಯಾಯಬೆಲೆ ಅಂಗಡಿಯೇ ಎಂದು ಅವನು ಕೇಳಿದ್ದಕ್ಕೆ ಕಚೇರಿಯವರೆಲ್ಲ ನಕ್ಕರಂತೆ. ಸೋಮವಾರ ತಹಶೀಲ್ದಾರರ ವಿಚಾರಣೆ. ಅಷ್ಟರೊಳಗೆ ತಾನು ತಪ್ಪಿತಸ್ಥೆಯಲ್ಲ ಎಂಬುದಕ್ಕೆ ಕಾಗದ ತೋರಿಸದಿದ್ದರೆ ಡಿಪೋ ಅವನಿಗೆ, ಡಿಪೋ ಹೋದರೆ ಪಕ್ಕದಲ್ಲಿರುವ ತನ್ನ ಅಂಗಡಿಯೂ ಮುಚ್ಚಿದಂತೆಯೇ.

“ಅದಕ್ಕೇ ಬಂದೆ ನಾಯನಾ,” ಅಂದಳು. “ಅದರ ಮುಂದಿನ ವಾರ ನೀವು ನಿಜ ಹಾಕಿದ್ರಲ್ಲ, ಆ ಪೇಪರ್ ಒಂದು ಕೊಡಿ. ನಂಗೆ ಓದಾಕ್ ಬರಾಕಿಲ್ಲ, ಅವತ್ತು ತಗಂಡು ಮಡಿಕ್ಕಳ್ಳೋ ಬುದ್ಧಿನೂ ಇರ್ನಿಲ್ಲ.”

ಮಹಾಲಿಂಗಯ್ಯನವರಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಹಾಕಿಲ್ಲಮ್ಮ ಅನ್ನುವ ಒಂದು ಮಾತು ಬಿಟ್ಟು ಬೇರೆಲ್ಲ ಹೇಳಿದರು. ಹಳೇ ಕಟ್ಟು, ಹುಡುಕಬೇಕು, ಭಾನುವಾರ ಸಾಯಂಕಾಲ ಬಾ, ಇಲ್ಲೇ ಪಕ್ಕದ ಶಾಲೆಯ ಸಭಾಂಗಣದಲ್ಲಿ ನಮ್ಮ ಸಮಾರಂಭವಿದೆ, ಅಲ್ಲಿಗೇ ಬಾ ಅಂದರು. ಅವಳು ಕೈ ಮುಗಿದು ಹೋದಳು. ಕಟ್ಟುಗಳು ಮೇಜಿನ ಮೇಲೆಯೇ ಇದ್ದವು, ಐವತ್ತೆರಡರದ್ದು ಎಲ್ಲಕ್ಕೂ ಮೇಲಿತ್ತು.

ನಸ್ರುಲ್ಲಾ ಬಂದ ಮೇಲೆ ನಡೆದದ್ದನ್ನೆಲ್ಲ ಅವನಿಗೆ ಹೇಳಿದರು. ಆಮೇಲೆ ಮಹಾಲಿಂಗಯ್ಯ ಮೆಲ್ಲಗೆ ಒಂದು ಉಪಾಯ ತೆಗೆದರು. ಅಟ್ಟದ ಮೇಲೆ ಆ ಕಾಲದ ಹಳದಿಗಟ್ಟಿದ ಕಾಗದ ಇದೆ. ಮೊಳೆಗಳೂ ಅವೇ. ಐವತ್ತೆರಡರ ತಾರೀಕು ಹಾಕಿ ಒಂದು ಪುಟ ತೆಗೆದುಬಿಟ್ಟರೆ ಅವಳ ಕೆಲಸವೂ ಆಗುತ್ತದೆ, ಪತ್ರಿಕೆಯ ಮಾನವೂ ಉಳಿಯುತ್ತದೆ, ಹದಿನೈದನೇ ವರ್ಷದ ಹೊಸ್ತಿಲಲ್ಲಿ ಊರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಹೇಳುತ್ತ ಹೇಳುತ್ತ ಅದು ಅವರಿಗೆ ದೊಡ್ಡ ಉಪಕಾರದ ಹಾಗೇ ಕಾಣತೊಡಗಿತು, ನೋಡಿ ಮನುಷ್ಯ ಹೇಗಿರುತ್ತಾನೆ.

ನಸ್ರುಲ್ಲಾ ಕೈಯಲ್ಲಿದ್ದ ಮೊಳೆಪಟ್ಟಿಯನ್ನು ಕೆಳಗಿಟ್ಟ.

“ಅವತ್ತು ಮೆಟ್ಟಿಲ ಮೇಲೆ ಝೂಟ್ ಹೇಳಿದ್ದು ನಾನು, ಅಯ್ನೋರೆ. ಆಯಮ್ಮ ಹದ್ನಾಕು ವರ್ಷ ಅದನ್ನೇ ನಂಬ್ಕೊಂಡವ್ಳೆ. ಇನ್ನೊಂದು ಹೇಳಾಕೆ ನನ್ ಕೈಲಾಗಲ್ಲ. ಇವತ್ತಿನ ತಾರೀಕು ಹಾಕಿ ನೀವು ಬರ್ಕೊಡಿ, ನಾನು ಜೋಡಿಸ್ತೀನಿ.”

ಮಹಾಲಿಂಗಯ್ಯ ಬರೆದರು. ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ನಸ್ರುಲ್ಲಾನ ಕೈಗೆ ಕೊಡಲಿಲ್ಲ. ಸಮಾರಂಭ ಒಂದು ಮುಗಿಯಲಿ, ಆಮೇಲೆ ಕೊಟ್ಟರಾಯಿತು ಎಂದು ಶನಿವಾರವೂ ಹಾಗೇ ಕಳೆದರು. ಹೆಂಡತಿ ಶಿವರುದ್ರಮ್ಮ, ಅದೇನು ಜೇಬು ಮುಟ್ಟಿ ಮುಟ್ಟಿ ನೋಡ್ಕೊಂತೀರಿ ಎಂದು ಕೇಳಿದರೆ ಭಾಷಣ ಎಂದು ಸುಳ್ಳು ಹೇಳಿದರು.

ಭಾನುವಾರ ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಸಿರಾದಿಂದ, ಕೊರಟಗೆರೆಯಿಂದಲೂ ಚಂದಾದಾರರು ಬಂದಿದ್ದರು. ಎವರೆಸ್ಟು ಬಂತು, ಹಾರುವ ತಟ್ಟೆ ಬಂತು, ಎಮ್ಮೆಯ ಅವಳಿ ಕರು ಬಂದವು. ಪ್ರಳಯದ ಮರುದಿನದ ಪುರಸಭೆಗೆ ಮುಂದಿನ ಸಾಲಿನಲ್ಲಿದ್ದ ಪುರಸಭೆಯವರೇ ಚಪ್ಪಾಳೆ ತಟ್ಟಿದರು. ಮಹಾಲಿಂಗಯ್ಯ ಅರ್ಧ ಗಂಟೆ ಜೇಬನ್ನು ಮರೆತೇಬಿಟ್ಟಿದ್ದರು. ಆಗ ಸಂಜೀವಯ್ಯ ಎದ್ದು ನಿಂತು, ಎಲ್ಲಾ ಸರಿ ಸ್ವಾಮಿ, ರಾಣಿ ಎಲ್ಲಿ, ರಾಣಿ ಬರಲಿ ಎಂದು ಕೂಗಿದ. ಹಿಂದಿನವರೂ ಸೇರಿಕೊಂಡರು. ಊರಿಗೆಲ್ಲ ಅದೊಂದು ನೆನಪಿತ್ತು.

ಮಹಾಲಿಂಗಯ್ಯ ಓದಿದರು. ಬೇಡ ಅನ್ನುವ ಗಟ್ಟಿತನ ಇರಲಿಲ್ಲ, ಓದಿಬಿಟ್ಟರು. ಸೂರು ಕಿತ್ತುಹೋಗುವ ಹಾಗೆ ನಗು. ನಗು ಅಡಗುವುದನ್ನು ಕಾಯುತ್ತ ತಲೆ ಎತ್ತಿದರೆ, ಹೆಂಗಸರ ಬೆಂಚಿನ ಕೊನೆಯಲ್ಲಿ ಮಾರಕ್ಕ ಕೂತಿದ್ದಳು. ಅಳುತ್ತಿರಲಿಲ್ಲ, ತಲೆ ತಗ್ಗಿಸಿಯೂ ಇರಲಿಲ್ಲ. ಪಕ್ಕದವಳ ತೋಳು ಮುಟ್ಟಿ ಏನೋ ಹೇಳುತ್ತ ವೇದಿಕೆಯ ಕಡೆ ಕೈ ತೋರಿಸುತ್ತಿದ್ದಳು. ತಾಳು, ಮುಂದಿನ ವಾರದ್ದೂ ಓದ್ತಾರೆ ನೋಡು ಎನ್ನುತ್ತಿದ್ದಾಳೆ ಎಂಬುದು ಮಹಾಲಿಂಗಯ್ಯನವರಿಗೆ ಅಷ್ಟು ದೂರದಿಂದಲೂ ತಿಳಿಯಿತು.

ಅವರು ಕಟ್ಟು ಮುಚ್ಚಿದರು. ಇದರ ಮುಂದಿನ ವಾರದ್ದನ್ನು ಓದಬೇಕು, ಆದರೆ ಅದು ಇಲ್ಲ, ನಾನು ಹಾಕಲಿಲ್ಲ ಎಂದರು. ಜನ ನಕ್ಕರು. ಚೀಟಿ ಕೂಸಿನ ಕುಲಾವಿಯಲ್ಲಿತ್ತು ಎಂದರು. ಇನ್ನೂ ಜೋರಾಗಿ ನಕ್ಕರು. ನಾಟಕದವರ ರಾಣಿ ಕಲ್ಲಿನ ಮೇಲೆ ನಿಂತಿತ್ತು, ಕಳಚುವ ಬದಲು ಹಾಗೇ ಎತ್ತಿಟ್ಟೆ ಎಂದಾಗ ಸಂಜೀವಯ್ಯ ತೊಡೆ ತಟ್ಟಿಕೊಂಡ. ಆಕೆ ಬಂದು ಮೆಟ್ಟಿಲ ಮೇಲೆ ಕೂತಾಗ ನಾನು ರೀಮುಗಳ ಹಿಂದೆ ಅವಿತಿದ್ದೆ ಎಂದರೆ ಅದಕ್ಕೂ ಚಪ್ಪಾಳೆ. ತಪ್ಪು ಅವರದ್ದಲ್ಲ, ಹದಿನೈದು ವರ್ಷ ಇದೇ ಬಾಯಿ ಅವರನ್ನು ನಗಿಸಿತ್ತು, ಇದೂ ನಗೆಯ ಮಾತೆಂದೇ ತಿಳಿದರು. ಒಂದೊಂದು ನಗೆಯೂ ಮಹಾಲಿಂಗಯ್ಯನವರ ಕೆನ್ನೆಗೆ ಬಾರಿಸಿದಂತಾಯಿತು. ಅವರು ಕೈ ಮುಗಿದು ನಿಂತೇ ಇದ್ದರು. ಐ.ಡಿ.ಹಳ್ಳಿಯ ಮಾರಕ್ಕ ಯಾವ ತಪ್ಪೂ ಮಾಡಿಲ್ಲ ಎಂದು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಸಭೆ ಪೂರ್ತಿ ಸುಮ್ಮನಾಯಿತು, ಬೆಂಚಿನ ಕೊನೆಯ ಜಾಗ ಮಾತ್ರ ಖಾಲಿಯಾಗಿತ್ತು.

ಅವರು ವೇದಿಕೆಯಿಂದ ಇಳಿದವರೇ ಹಾರವನ್ನು ಮೇಜಿನ ಮೇಲೆ ಬಿಟ್ಟು ಪ್ರೆಸ್ಸಿಗೆ ಹೋದರು. ಜೇಬಿನ ಕಾಗದ ನಸ್ರುಲ್ಲಾನ ಕೈಗೆ ಬಂತು. ಅದೇ ಮೂರು ಅಂಗುಲದ ಮರದ ಅಚ್ಚು ತೆಗೆದು, ಹುಳ ಕೊರೆದಿದ್ದನ್ನು ಉಜ್ಜಿ, ಅರ್ಧ ಹಾಳೆಯ ತುಂಬ ಜೋಡಿಸಿದ: ‘ಮಾರಕ್ಕ ನಿರ್ದೋಷಿ, ತಪ್ಪು ನಮ್ಮದು.’ ಕೆಳಗೆ ನಡೆದದ್ದೆಲ್ಲ, ಆ ಭಾನುವಾರದ್ದೇ ತಾರೀಕು, ಸಂಪಾದಕರ ಹೆಸರು. ಐವತ್ತು ಪ್ರತಿ ತೆಗೆದರು.

ಸೋಮವಾರ ತಾಲ್ಲೂಕು ಕಚೇರಿಗೆ ಮಹಾಲಿಂಗಯ್ಯ ಹತ್ತು ಗಂಟೆಗೇ ಹೋಗಿ ನಿಂತಿದ್ದರು. ಮಾರಕ್ಕ ಬಂದಳು, ಇವರ ಕಡೆ ನೋಡಲಿಲ್ಲ. ತಹಶೀಲ್ದಾರರು ಟ್ರಂಕಿನ ತುಂಡನ್ನೂ ಹೊಸ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಓದಿ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಒಂದೇ ಪ್ರಶ್ನೆ ಕೇಳಿದರು. ನಗುತ್ತಿದ್ದೆ ಎಂದು ಮಹಾಲಿಂಗಯ್ಯ ಉತ್ತರ ಕೊಟ್ಟರು, ಗುಮಾಸ್ತ ಅದನ್ನೂ ಬರೆದುಕೊಂಡ. ಇವರ ರುಜು ಹಾಕಿಸಿಕೊಂಡು ತಕರಾರನ್ನು ವಜಾ ಮಾಡಿದರು. ಡಿಪೋ ಮಾರಕ್ಕನ ಹೆಸರಿಗೇ ಆಯಿತು.

ಹೊರಗೆ ಜಗಲಿಯ ಮೇಲೆ ಅವಳು ಚೀಲ ಹಿಡಿದು ನಿಂತಿದ್ದಳು. ಬೈಯುತ್ತಾಳೆ ಎಂದು ಮಹಾಲಿಂಗಯ್ಯ ಹಿಂದಿನ ರಾತ್ರಿಯಿಂದಲೇ ಸಿದ್ಧವಾಗಿದ್ದರು, ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು. ಹತ್ತಿರ ಹೋಗಿ ಹಾಳೆಗಳ ಕಟ್ಟನ್ನು ಮುಂದೆ ಹಿಡಿದರು. ಅವಳು ಒಂದು ಹಾಳೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿದ್ದು ಆಗ.

“ಊರೋರೆಲ್ಲ ಎರಡನೇ ವಾರದ್ದೂ ಓದವ್ರೆ, ನಿಜ ಗೊತ್ತಿದ್ದೂ ರಾಣಿ ರಾಣಿ ಅಂತ ನಗ್ತಾವ್ರೆ ಅಂತ್ಲೇ ತಿಳ್ಕಂಡಿದ್ದೆ ಸಾಮಿ. ಹದ್ನಾಕು ವರ್ಸ ಒಬ್ಬರ್ನೂ ಬಿಡದಂಗೆ ಮನಸ್ನಾಗೇ ಶಾಪ ಹಾಕ್ಬುಟ್ಟೆ. ಪಾಪ, ಅವರಿಗೆ ಗೊತ್ತೇ ಇರ್ನಿಲ್ಲ.”

ಹೆಸರು ಕೆಡಿಸಿದ್ದು ಮಾತ್ರ ಮಹಾಲಿಂಗಯ್ಯನವರ ಲೆಕ್ಕದಲ್ಲಿತ್ತು. ಒಂದು ಹೆಂಗಸು ಇಡೀ ಊರಿನ ಮಧ್ಯೆ ಹದಿನಾಲ್ಕು ವರ್ಷ ಒಬ್ಬಳೇ ಬಾಳುವಂತೆ ಮಾಡಿದ್ದೇನೆ ಎಂಬುದು ಈಗ ಗೊತ್ತಾಯಿತು.

ಮಾರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಎಷ್ಟು ಕಾಗದ ಇದಾವೆ ಎಂದು ಕೇಳಿದಳು. ಐವತ್ತು ಎಂದರು. ಸಾಲದು, ನಮ್ಮ ಊರಲ್ಲಿ ನೂರಾ ಹತ್ತು ಮನೆ ಎಂದಳು. ಮನೆ ಮನೆಗೂ ಹೋಗಿ ತಾನು ತಪ್ಪಾಯ್ತು ಅನ್ನಬೇಕಂತೆ. ಆಚೆ ಮನೆಯ ಪಟಾಲಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾಳಂತೆ, ಮೊದಲು ಅಲ್ಲಿಗೆ. ತಪ್ಪಾಯ್ತು ಅನ್ನಬೇಕಾದವನು ನಾನಮ್ಮ, ನಾನೂ ಬರುತ್ತೇನೆ ಎಂದರು ಮಹಾಲಿಂಗಯ್ಯ.

ಅವಳು ಮೊದಲ ಸಲ ಅವರ ಮುಖವನ್ನು ನೆಟ್ಟಗೆ ನೋಡಿದಳು.

“ಬನ್ನಿ. ನಮ್ಮೂರಾಗೆ ಓದಾಕ್ ಬರೋರು ಕಮ್ಮಿ. ನೀವೇ ಓದಿ ಹೇಳ್ಬೇಕು.”

ಪ್ರೆಸ್ಸಿಗೆ ಹೋಗಿ ಇನ್ನೂ ಅರವತ್ತು ಪ್ರತಿ ತೆಗೆಸಿಕೊಂಡು, ಮಧ್ಯಾಹ್ನದ ಪಾವಗಡ ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಹಾಲಿಂಗಯ್ಯ ಐ.ಡಿ.ಹಳ್ಳಿಯಲ್ಲಿ ಇಳಿದರು. ಪಟಾಲಮ್ಮ ಬಾಗಿಲಲ್ಲಿ ಕಾಳು ಕೇರುತ್ತಿದ್ದವಳು ಮಾರಕ್ಕನನ್ನು ಕಂಡು ಮೊರ ಕೆಳಗಿಟ್ಟಳು. ಮಾರಕ್ಕ ಸುಮ್ಮನೆ ಪಕ್ಕಕ್ಕೆ ಸರಿದು ನಿಂತಳು. ಮಹಾಲಿಂಗಯ್ಯ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಹಾಳೆ ಬಿಡಿಸಿದರು, ತಲೆಬರಹ ಓದುವ ರಾಗ ಬಾಯಿಗೆ ತಾನಾಗಿ ಬಂತು, ಅದನ್ನು ನುಂಗಿಕೊಂಡು ಮೆಲ್ಲಗೆ ಓದಿದರು. ಓದಿ ಮುಗಿಸುವಷ್ಟರಲ್ಲಿ ಧ್ವನಿ ಹೋಗಿತ್ತು. ಇನ್ನೂ ನೂರಾ ಒಂಬತ್ತು ಮನೆಗಳಿದ್ದವು.